ಒಂದೇ ಬೆಳಕಿಗೆ ಏಳು ಗೋಡೆ

ಪ್ರತಿವರ್ಷ ಫೆಬ್ರವರಿ 28 ಸಮೀಪಿಸುತ್ತಿದ್ದಂತೆ ನಮ್ಮ ಶಾಲೆಗಳ ಪಡಸಾಲೆಗಳಲ್ಲಿ ಒಂದು ಚಿತ್ರಪಟ ತಪ್ಪದೆ ಕಾಣಿಸಿಕೊಳ್ಳುತ್ತದೆ. ಥರ್ಮಾಕೋಲಿನ ಹಲಗೆ, ಅದರ ಮೇಲೆ ಏಳು ಖಾನೆಗಳು, ಎಡದಿಂದ ಬಲಕ್ಕೆ ಇಕ್ಕಟ್ಟಾಗುತ್ತ ಹೋಗುವ ಒಂದು ಅಂಕುಡೊಂಕು ಗೆರೆ. ರೇಡಿಯೋ, ಮೈಕ್ರೋವೇವ್, ಅವಕೆಂಪು, ಗೋಚರ ಬೆಳಕು, ಅತಿನೇರಳೆ, ಕ್ಷ-ಕಿರಣ, ಗಾಮಾ. ಪ್ರತಿ ಖಾನೆಯ ಕೆಳಗೂ ಒಂದೊಂದು ಉಪಯೋಗ. ಪಕ್ಕದಲ್ಲಿ ನಿಂತ ಮಗು, ಏಳು ಹೆಸರುಗಳ ಮೊದಲಕ್ಷರಗಳಿಂದ ಹೆಣೆದ ಇಂಗ್ಲಿಷ್ ವಾಕ್ಯವೊಂದನ್ನು ಉಸಿರು ಬಿಡದೆ ಒಪ್ಪಿಸುತ್ತದೆ. ಹಿರಿಯರು ಚಪ್ಪಾಳೆ ತಟ್ಟುತ್ತಾರೆ. 1928ರಲ್ಲಿ ರಾಮನ್ ಪರಿಣಾಮ ಗೋಚರವಾದ ದಿನದ ನೆನಪಿಗಾಗಿ ನಡೆಯುವ ಆಚರಣೆಯಿದು. ರಾಮನ್ನರೂ ಕೃಷ್ಣನ್ನರೂ ಕಲ್ಕತ್ತೆಯಲ್ಲಿ ಆ ಪರಿಣಾಮವನ್ನು ಮೊದಲು ಕಂಡಾಗ ಅವರ ಬಳಿ ಇದ್ದ ದೀಪ ಸೂರ್ಯ, ಇದ್ದ ಮಾಪಕ ಅವರ ಕಣ್ಣು; ನಡುವೆ ಮಸೂರ, ಬಣ್ಣದ ಶೋಧಕಗಳು ಮತ್ತು ಒಂದು ದ್ರವ. ಅಂಥವರ ಹೆಸರಿನ ದಿನದಂದು ನಾವು ಮಕ್ಕಳಿಗೆ ಏನನ್ನೂ ನೋಡಲು ಬಿಡುವುದಿಲ್ಲ. ಬರೆಯಲು ಮಾತ್ರ ಹಚ್ಚುತ್ತೇವೆ.

ಆ ಚಿತ್ರಪಟದೊಡನೆ ನನಗೆ ಜಗಳವಿದೆ. ಅದರಲ್ಲಿ ಬರೆದಿರುವ ಯಾವ ಪದವೂ ತಪ್ಪಲ್ಲ, ಆದರೆ ಅದು ಕಲಿಸುವ ಪಾಠ ತಪ್ಪು. ಜಗತ್ತಿನಲ್ಲಿ ಏಳು ಬಗೆಯ ವಸ್ತುಗಳಿವೆ, ಅವಕ್ಕೆ ಏಳು ಕೋಣೆಗಳಿವೆ, ಕೋಣೆಗಳ ನಡುವೆ ಗೋಡೆಗಳಿವೆ ಎಂಬ ಭಾವನೆಯನ್ನು ಅದು ಹದಿನೇಳರ ಹರೆಯದ ತಲೆಯಲ್ಲಿ ಕೂರಿಸಿ ಹೋಗುತ್ತದೆ. ಇರುವುದು ಒಂದೇ ಬೆಳಕು. ಅದರ ಅಲೆಯ ಅಳತೆ ಮಾತ್ರ ಬೇರೆಬೇರೆ. ಈ ಒಂದು ಮಾತು ತಲೆಗೆ ಹೊಕ್ಕರೆ ಆ ಕೋಷ್ಟಕದ ಬಹುಪಾಲನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳದು. ಹೊಕ್ಕದಿದ್ದರೆ ಕೋಷ್ಟಕ ಪೂರ್ತಿ ಬಾಯಿಗೆ ಬಂದರೂ ಪ್ರಯೋಜನವಿಲ್ಲ.

ಪಠ್ಯಕ್ರಮವನ್ನೇ ನೋಡಿ. ಹೊರನಾಡಿನಲ್ಲಿರುವ ನಮ್ಮ ಮಕ್ಕಳಲ್ಲಿ ಅನೇಕರು ಓದುವ ಎನ್‌ಸಿಇಆರ್‌ಟಿ ಭೌತವಿಜ್ಞಾನದಲ್ಲಿ ತರಂಗಗಳ ಅಧ್ಯಾಯ 11ನೆಯ ತರಗತಿಯ ಕಟ್ಟಕಡೆಯದು. ವರ್ಷಾಂತ್ಯದ ಅವಸರದಲ್ಲಿ ಕಡೆಯ ಅಧ್ಯಾಯದ ಗತಿ ಏನಾಗುತ್ತದೆಂದು ಪಾಠ ಹೇಳಿದವರೆಲ್ಲ ಬಲ್ಲರು. ಹಗ್ಗ, ತಂತಿ, ಕೊಳವೆಗಳ ಸಮೀಕರಣಗಳು ಅಲ್ಲಿಗೆ ಮುಗಿಯುತ್ತವೆ. ವಿದ್ಯುತ್ಕಾಂತೀಯ ತರಂಗಗಳು ಬರುವುದು 12ನೆಯ ತರಗತಿಯ 8ನೆಯ ಅಧ್ಯಾಯದಲ್ಲಿ. ಅದು ಚಿಕ್ಕ ಅಧ್ಯಾಯ. ತರಂಗಗಳ ಗುಣವನ್ನು ಗುಣಾತ್ಮಕವಾಗಿಯಷ್ಟೇ ತಿಳಿದರೆ ಸಾಕು, ರೋಹಿತದ ಬಗ್ಗೆ ಉಪಯೋಗಗಳ ಪ್ರಾಥಮಿಕ ಸಂಗತಿ ಗೊತ್ತಿದ್ದರೆ ಸಾಕು ಎಂಬುದು ಪಠ್ಯಕ್ರಮದ ಆಶಯ. ಪ್ರಶ್ನೆಪತ್ರಿಕೆಗೆ ಇದಕ್ಕಿಂತ ಒಳ್ಳೆಯ ವರ ಇನ್ನೇನು ಬೇಕು? ‘ಕೆಳಗಿನವುಗಳನ್ನು ತರಂಗಾಂತರದ ಏರಿಕೆಯ ಕ್ರಮದಲ್ಲಿ ಬರೆಯಿರಿ, ಒಂದೊಂದು ಉಪಯೋಗ ತಿಳಿಸಿ.’ ಎರಡು ಅಂಕ. ಕೋಚಿಂಗ್ ತರಗತಿಯ ಮಹಾಶಯರು ಈ ಎರಡು ಅಂಕವನ್ನು ಅರ್ಧ ಗಂಟೆಯಲ್ಲಿ ಗಿಟ್ಟಿಸಿಕೊಡುತ್ತಾರೆ. ಪ್ರಕೃತಿಯ ಬಗ್ಗೆ ಮನುಷ್ಯ ಕಂಡುಕೊಂಡ ಅತ್ಯಂತ ವಿಶಾಲವಾದ ಸತ್ಯಗಳಲ್ಲೊಂದು ಹೀಗೆ ಅರ್ಧ ಗಂಟೆಗೆ ಹರಾಜಾಗುತ್ತದೆ.

ಈ ಸತ್ಯ ದೊರೆತ ಬಗೆಯನ್ನು ನೆನೆದರೆ ನಮ್ಮ ಬೋಧನೆಯ ಬಡತನ ಇನ್ನಷ್ಟು ಎದ್ದು ಕಾಣುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ, ಬಣ್ಣಗಳ ಸಾಲಿನಲ್ಲಿ ಉಷ್ಣಮಾಪಕಗಳನ್ನಿಟ್ಟು ನೋಡಿದ. ಕೆಂಪಿನ ಆಚೆ, ಕಣ್ಣಿಗೆ ಕತ್ತಲೆಯಾಗಿದ್ದ ಜಾಗದಲ್ಲಿ, ಪಾದರಸ ಇನ್ನೂ ಮೇಲೇರಿತು. ಮರುವರ್ಷವೇ ಯೋಹಾನ್ ರಿಟರ್ ಇನ್ನೊಂದು ತುದಿಗೆ ಹೋಗಿ ನೇರಳೆಯ ಆಚೆ ಬೆಳ್ಳಿಯ ಕ್ಲೋರೈಡನ್ನಿಟ್ಟ, ಅದು ಕಪ್ಪಾಯಿತು. ಬಣ್ಣದ ಎರಡೂ ತುದಿಗಳಲ್ಲಿದ್ದ ಗೋಡೆಗಳು ಎರಡೇ ವರ್ಷದಲ್ಲಿ ಬಿದ್ದವು. 1865ರಲ್ಲಿ ಮ್ಯಾಕ್ಸ್‌ವೆಲ್ ವಿದ್ಯುತ್ತು ಮತ್ತು ಕಾಂತತ್ವದ ಲೆಕ್ಕ ಮಾಡುತ್ತ ಹೋದಾಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಎಂಬ ವೇಗ ಎದುರಾಯಿತು. ಅದು ಬೆಳಕಿನ ವೇಗ. ಹಾಗಿದ್ದರೆ ಬೆಳಕೇ ಈ ಅಲೆ ಎಂದ. 1880ರ ದಶಕದ ಕೊನೆಯಲ್ಲಿ ಹರ್ಟ್ಸ್ ಕಿಡಿಗಳ ನೆರವಿನಿಂದ ಉದ್ದನೆಯ ಅಲೆಗಳನ್ನು ಹುಟ್ಟಿಸಿ, ಅವೂ ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ವಕ್ರೀಭವಿಸುತ್ತವೆ ಎಂದು ತೋರಿಸಿದ. 1895ರಲ್ಲಿ ಕಲ್ಕತ್ತೆಯ ಟೌನ್‌ಹಾಲ್‌ನಲ್ಲಿ ಜಗದೀಶಚಂದ್ರ ಬೋಸರು ಇಂಥ ಅಲೆಗಳನ್ನು ಗೋಡೆಯ ಆಚೆಗೆ ಕಳಿಸಿ ಗಂಟೆ ಬಾರಿಸಿದರು, ಮದ್ದಿನಪುಡಿ ಸಿಡಿಸಿದರು. ಅವರು ಪಳಗಿಸಿದ ಅಲೆಗಳ ಉದ್ದ ಮಿಲಿಮೀಟರುಗಳಿಗೂ ಇಳಿದಿತ್ತು. ತಿರುಚಿದ ಸೆಣಬಿನ ನಾರಿನ ಕಟ್ಟಿನಿಂದ ಆ ಅಲೆಗಳ ಕಂಪನದ ದಿಕ್ಕನ್ನು ತಿರುಗಿಸಿ ತೋರಿಸಿದವರು ಅವರು. ಈ ಶತಮಾನದ ಕಥೆಯೆಲ್ಲ ಗೋಡೆ ಕೆಡವಿದ ಕಥೆ. ಅದೇ ಗೋಡೆಗಳನ್ನು ನಾವು ಥರ್ಮಾಕೋಲಿನಲ್ಲಿ ಮತ್ತೆ ಕಟ್ಟುತ್ತಿದ್ದೇವೆ.

ಕಟ್ಟುವ ಮೊದಲು, ಅಲೆಯೆಂದರೇನೆಂದಾದರೂ ಹೇಳುತ್ತೇವೆಯೆ? ಮುಂಬಯಿಯ ಮಗುವಿಗೆ ಸಮುದ್ರ ದೂರವಲ್ಲ. ನಾರಳಿ ಪೂರ್ಣಿಮೆಯಂದು, ನಮ್ಮ ಕರಾವಳಿಯವರ ನೂಲಹುಣ್ಣಿಮೆಯಂದು, ಸಮುದ್ರಕ್ಕೆ ಬಿಟ್ಟ ತೆಂಗಿನಕಾಯಿಯನ್ನು ತೆರೆ ಒಡೆಯುವ ಜಾಗದಿಂದಾಚೆ ಗಮನಿಸಬೇಕು. ಅಲೆ ಬಂದಾಗ ಕಾಯಿ ಏರುತ್ತದೆ, ತುಸು ಮುಂದೆ ಬರುತ್ತದೆ, ಇಳಿಯುತ್ತದೆ, ಹಿಂದೆ ಸರಿದು ಹೆಚ್ಚುಕಡಿಮೆ ಇದ್ದಲ್ಲಿಗೇ ಮರಳುತ್ತದೆ. ಅಲೆ ಮಾತ್ರ ದಡದತ್ತ ಹೋಗಿಬಿಟ್ಟಿರುತ್ತದೆ. ಅಲೆದದ್ದು ನೀರಲ್ಲ, ನೀರಿನ ಮೇಲಿನ ಕದಲಿಕೆ. ಇಷ್ಟು ನೋಡಿದ ಮಗುವಿಗೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಸೂರ್ಯನಿಂದ ಇಲ್ಲಿಯವರೆಗೆ ನೀರೂ ಇಲ್ಲ, ಗಾಳಿಯೂ ಇಲ್ಲ, ಕದಲುವುದು ಏನು? ಹತ್ತೊಂಬತ್ತನೆಯ ಶತಮಾನದ ದೊಡ್ಡ ತಲೆಗಳು ಈ ಪ್ರಶ್ನೆಯ ಮುಂದೆ ತಡವರಿಸಿ ಈಥರ್ ಎಂಬ ಕಾಣದ ದ್ರವ್ಯವನ್ನು ಕಲ್ಪಿಸಿಕೊಂಡವು. ನಮ್ಮ ತರಗತಿಯಲ್ಲಿ ‘ಮಾಧ್ಯಮ ಬೇಕಿಲ್ಲ’ ಎಂಬ ಎರಡು ಪದಗಳಲ್ಲಿ ಅದರ ಬಾಯಿ ಮುಚ್ಚಿಸಲಾಗುತ್ತದೆ.

ಪರಿಣಾಮ ಏನು? ಅಂಕುಡೊಂಕು ಗೆರೆಯನ್ನು ನೋಡಿದ ಮಗು, ಬೆಳಕು ಹಾವಿನಂತೆ ಹೊರಳಿಕೊಂಡು ಹೋಗುತ್ತದೆ ಎಂದುಕೊಳ್ಳುತ್ತದೆ. ಆ ಗೆರೆ ಬೆಳಕಿನ ದಾರಿಯಲ್ಲ. ದಾರಿಯುದ್ದಕ್ಕೂ ವಿದ್ಯುತ್ ಕ್ಷೇತ್ರದ ಬಲ ಎಲ್ಲಿ ಎಷ್ಟಿದೆಯೆಂಬ ನಕ್ಷೆ ಎಂದು ಹೇಳಲು ಒಂದು ನಿಮಿಷ ಸಾಕು. ಆ ನಿಮಿಷ ಯಾರ ಬಳಿಯೂ ಇರುವುದಿಲ್ಲ. ರೇಡಿಯೋ ತರಂಗವನ್ನು ಶಬ್ದದ ತರಂಗವೆಂದೇ ತಿಳಿದು ಪದವಿ ಮುಗಿಸಿದವರು ನಮ್ಮ ನಡುವೆ ಎಷ್ಟು ಜನ! 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಸೊಗಸಾದ ಹೆಸರು ಬಂತು, ಅದು ದೇಶಕ್ಕೇ ಹಬ್ಬಿತು. ಆದರೆ ಆಕಾಶದಲ್ಲಿ ಬರುವುದು ವಾಣಿಯಲ್ಲ, ಕಣ್ಣಿಗೆ ಕಾಣದ ಬೆಳಕು. ವಾಣಿ ಹುಟ್ಟುವುದು ನಮ್ಮ ಪೆಟ್ಟಿಗೆಯ ಸ್ಪೀಕರಿನಲ್ಲಿ. ಕನ್ನಡದ ಮಗುವಿಗೆ ಇದನ್ನು ಹೇಳಲು ಈ ಪದಕ್ಕಿಂತ ಒಳ್ಳೆಯ ನೆಪ ಇನ್ನೊಂದಿಲ್ಲ.

ಹಾಗಾದರೆ ಹೇಗೆ ಕಲಿಸಬೇಕು ಎಂದು ಕೇಳುವುದು ನ್ಯಾಯ. ಅಳತೆಯಿಂದ ಆರಂಭಿಸಬೇಕು ಎಂಬುದು ನನ್ನ ವಾದ. ಆಕಾಶವಾಣಿಯ ಧಾರವಾಡ ಕೇಂದ್ರದ 765 ಕಿಲೋಹರ್ಟ್ಸ್ ಎಂಬ ಸಂಖ್ಯೆ ನಮ್ಮ ಹಿರಿಯರಿಗೆ ಮನೆಯ ಬಾಗಿಲ ಸಂಖ್ಯೆಯಷ್ಟೇ ಪರಿಚಿತ. 3 ಲಕ್ಷ ಕಿಲೋಮೀಟರನ್ನು 7 ಲಕ್ಷ 65 ಸಾವಿರದಿಂದ ಭಾಗಿಸಿ: ಆ ಅಲೆಯ ಉದ್ದ ಸುಮಾರು 392 ಮೀಟರ್. ಬೆಂಗಳೂರಿನ 612 ಕಿಲೋಹರ್ಟ್ಸ್‌ಗೆ 490 ಮೀಟರ್. ಎಫ್‌ಎಂ ಕೇಂದ್ರಗಳದ್ದು 3 ಮೀಟರಿನ ಆಸುಪಾಸು. ಮೊಬೈಲಿನದು ಒಂದು ಗೇಣಿನಷ್ಟು. ಕಾರಿನಲ್ಲಿ ಮೇಲ್ಸೇತುವೆಯ ಕೆಳಗೆ ಹೋದಾಗ ಮಧ್ಯಮ ತರಂಗದ ಕೇಂದ್ರ ಕುಗ್ಗಿಹೋಗಿ ಎಫ್‌ಎಂ ನುಡಿಯುತ್ತಲೇ ಇರುವುದೇಕೆ? ನಾಲ್ಕುನೂರು ಮೀಟರಿನ ಅಲೆಗೆ ಆ ಕಂಡಿ ಇಕ್ಕಟ್ಟು, ಮೂರು ಮೀಟರಿನದಕ್ಕೆ ಹೆಬ್ಬಾಗಿಲು. ಪುಣೆಯಲ್ಲೋ ಮುಂಬಯಿಯಲ್ಲೋ ಹಗಲು ಕ್ಷೀಣವಾಗಿರುವ ಧಾರವಾಡ ರಾತ್ರಿ ತೇಲಿ ಬರುವುದೇಕೆ? ವಾತಾವರಣದ ಮೇಲ್ಭಾಗದಲ್ಲಿ ಬಿಸಿಲಿನಿಂದ ಹುಟ್ಟುವ ಅಯಾನುಗಳ ಒಂದು ಪದರ ಹಗಲೆಲ್ಲ ಆ ಅಲೆಯನ್ನು ಹೀರುತ್ತದೆ. ಸಂಜೆಯಾದ ಮೇಲೆ ಅದು ಕರಗಿ, ಇನ್ನೂ ಮೇಲಿನ ಪದರ ಅಲೆಯನ್ನು ಕೆಳಕ್ಕೆ ಬಾಗಿಸಿ ಕಳಿಸುತ್ತದೆ. ಊರಿನ ದನಿಗಾಗಿ ರಾತ್ರಿ ರೇಡಿಯೋದ ಮುಳ್ಳು ತಿರುಗಿಸಿದ ಒಂದು ತಲೆಮಾರಿನ ಅನುಭವವೇ ಭೌತಶಾಸ್ತ್ರದ ಪಾಠವಾಗಿತ್ತು. ಅದನ್ನು ಮೊಮ್ಮಕ್ಕಳಿಗೆ ಪಾಠವೆಂದು ಯಾರೂ ಹೇಳಲಿಲ್ಲ.

ಅಡುಗೆಮನೆಗೆ ಬನ್ನಿ. ಮೈಕ್ರೋವೇವ್ ಒಲೆ ನಡೆಯುವುದು 2.45 ಗಿಗಾಹರ್ಟ್ಸ್ ಆವೃತ್ತಿಯಲ್ಲಿ. ಅಲೆಯುದ್ದ ಸುಮಾರು 12 ಸೆಂಟಿಮೀಟರ್. ಅದರ ಬಾಗಿಲಿನ ಗಾಜಿನೊಳಗೆ ಸಣ್ಣ ರಂಧ್ರಗಳ ಲೋಹದ ತೆರೆಯಿದೆ. ಒಂದು ಮೈಕ್ರೋಮೀಟರಿಗಿಂತ ಚಿಕ್ಕದಾದ ಗೋಚರ ಬೆಳಕಿನ ಅಲೆ ಆ ರಂಧ್ರಗಳಲ್ಲಿ ನಿರಾಳವಾಗಿ ಹೊರಬರುತ್ತದೆ, ಒಳಗಿನ ಅನ್ನ ಕಾಣುತ್ತದೆ. 12 ಸೆಂಟಿಮೀಟರಿನ ಅಲೆಗೆ ಅದೇ ತೆರೆ ಗಟ್ಟಿ ಗೋಡೆ. ಇನ್ನು ಪುಣೆಯಿಂದ ಸುಮಾರು 80 ಕಿಲೋಮೀಟರ್ ದೂರದ ಖೋಡದ್ ಗ್ರಾಮದ ದೈತ್ಯ ರೇಡಿಯೋ ದೂರದರ್ಶಕಕ್ಕೆ ಹೋಗಿ ನೋಡಿ. ತಲಾ 45 ಮೀಟರ್ ವ್ಯಾಸದ 30 ತಟ್ಟೆಗಳು. ಹತ್ತಿರ ಹೋದರೆ ಅವು ಬರಿಯ ತಂತಿಯ ಜಾಲ. ಗಾಳಿ ಹಾಯ್ದುಹೋಗುತ್ತದೆ, ಬಿಸಿಲು ಹಾಯ್ದುಹೋಗುತ್ತದೆ. ದೂರದ ಗೆಲಾಕ್ಸಿಗಳ ಜಲಜನಕದಿಂದ ಬರುವ ಉದ್ದನೆಯ ಅಲೆಗೆ ಮಾತ್ರ ಅದು ಕನ್ನಡಿ. ಒಲೆಯ ಬಾಗಿಲಿನ ನಿಯಮವೂ ಈ ತಟ್ಟೆಯ ನಿಯಮವೂ ಒಂದೇ: ರಂಧ್ರ ದೊಡ್ಡದೋ ಅಲೆ ದೊಡ್ಡದೋ? ನಮ್ಮ ಗೌರಿಬಿದನೂರಿನಲ್ಲಿ 1970ರ ದಶಕದಲ್ಲಿ ಕಟ್ಟಿದ ದೂರದರ್ಶಕ 34.5 ಮೆಗಾಹರ್ಟ್ಸ್‌ನದು, ಅಂದರೆ ಅಲೆಯುದ್ದ ಎಂಟೂ ಮುಕ್ಕಾಲು ಮೀಟರಿನ ಹತ್ತಿರ. ಅಲ್ಲಿ ತಟ್ಟೆಯ ಗೊಡವೆಯೇ ಇಲ್ಲ, ಬಯಲಿನಲ್ಲಿ ಸಾಲುಸಾಲಾಗಿ ತಂತಿಗಳು. ಅಲೆ ಉದ್ದವಾದಂತೆ ಅದನ್ನು ಹಿಡಿಯುವ ಬಲೆಯ ಕಣ್ಣು ಅಗಲವಾಗಬಹುದು ಎಂಬುದನ್ನು ಮೀನುಗಾರರ ಮಗುವಿಗೂ ಹೇಳಿ ಒಪ್ಪಿಸಬಹುದು.

ಖರ್ಚಿನ ಮಾತೆತ್ತುವವರಿಗೆ ಇಲ್ಲೇ ಉತ್ತರ. ಒಲೆಯ ತಿರುಗುವ ತಟ್ಟೆಯನ್ನು ತೆಗೆದು, ಕದಲದಂತೆ ಒಂದು ಗಾಜಿನ ತಟ್ಟೆಯ ಮೇಲೆ ಹಸಿ ಹಪ್ಪಳಗಳನ್ನು ಹರಡಿ ಕೆಲವೇ ಕ್ಷಣ ಕಾಯಿಸಿ. ಹಪ್ಪಳ ಅಲ್ಲಲ್ಲಿ ಅರಳಿ, ನಡುನಡುವೆ ಹಸಿಯಾಗಿಯೇ ಉಳಿಯುತ್ತದೆ. ಅರಳಿದ ಕಲೆಗಳ ನಡುವಿನ ದೂರ ಸುಮಾರು 6 ಸೆಂಟಿಮೀಟರ್, ಅಂದರೆ ಅರ್ಧ ಅಲೆ. ಅದನ್ನು ಇಮ್ಮಡಿಸಿ, ಒಲೆಯ ಹಿಂಬದಿಯಲ್ಲಿ ಮುದ್ರಿಸಿರುವ ಆವೃತ್ತಿಯಿಂದ ಗುಣಿಸಿದರೆ ಬೆಳಕಿನ ವೇಗದ ಆಸುಪಾಸಿಗೆ ಬರುತ್ತೀರಿ. ಮ್ಯಾಕ್ಸ್‌ವೆಲ್ ಕಾಗದದ ಮೇಲೆ ಕಂಡ ಸಂಖ್ಯೆ ಅಡುಗೆಮನೆಯ ಹಪ್ಪಳದ ಮೇಲೆ! ಟಿವಿಯ ರಿಮೋಟನ್ನು ಮೊಬೈಲಿನ ಮುಂಬದಿ ಕ್ಯಾಮೆರಾದತ್ತ ತಿರುಗಿಸಿ ಗುಂಡಿ ಒತ್ತಿದರೆ ಕಣ್ಣಿಗೆ ಕಾಣದ ಅವಕೆಂಪು ತೆರೆಯ ಮೇಲೆ ಮಿನುಗುವುದು ಹೆಚ್ಚಿನ ಫೋನುಗಳಲ್ಲಿ ಕಾಣುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಹರ್ಷೆಲ್‌ನ ಶೋಧ ಪ್ರತಿ ಮನೆಯ ಸೋಫಾದ ಮೇಲೆ ಬಿದ್ದಿದೆ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಬೇಕಾದದ್ದು ಒಂದು ಅವಧಿಯ ಬಿಡುವು ಮತ್ತು ಪ್ರಶ್ನೆಗೆ ಹೆದರದ ಒಬ್ಬ ಉಪಾಧ್ಯಾಯ.

ಸಂಗೀತ ಬಲ್ಲ ಮನೆಗಳಿಗೆ ಇನ್ನೂ ಸುಲಭದ ದಾರಿಯಿದೆ. ಷಡ್ಜದಿಂದ ಮೇಲಿನ ಷಡ್ಜಕ್ಕೆ ಆವೃತ್ತಿ ಇಮ್ಮಡಿಯಾಗುತ್ತದೆ. ಅದು ಒಂದು ಸ್ಥಾಯಿ. ಕೆಂಪಿನಿಂದ ನೇರಳೆಗೆ ಅಲೆಯುದ್ದ 700ರಿಂದ 400 ನ್ಯಾನೋಮೀಟರಿಗೆ ಇಳಿಯುತ್ತದೆ, ಅಂದರೆ ಒಂದು ಸ್ಥಾಯಿಯೂ ಪೂರ್ತಿಯಾಗುವುದಿಲ್ಲ. ಒಂದು ಕಿಲೋಮೀಟರಿನ ರೇಡಿಯೋ ಅಲೆಯಿಂದ ಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಗಾಮಾ ಕಿರಣದವರೆಗೆ ಎಣಿಸಿದರೆ ಸುಮಾರು 50 ಸ್ಥಾಯಿಗಳು. ನಮ್ಮ ಹಾರ್ಮೋನಿಯಂನಲ್ಲಿರುವುದು ಮೂರೋ ಮೂರೂವರೆಯೋ. ಐವತ್ತು ಸ್ಥಾಯಿಗಳ ಈ ವಾದ್ಯದಲ್ಲಿ ನಮ್ಮ ಕಣ್ಣು ಒಂದು ಸ್ಥಾಯಿಗೂ ಕಿವುಡು ಬಿಟ್ಟಿಲ್ಲ ಎನ್ನುವಂತಿಲ್ಲ. ಏಳು ಸಮನಾದ ಖಾನೆಗಳ ಚಿತ್ರಪಟ ಈ ವಿನಯವನ್ನು ಕಲಿಸುವುದೇ ಇಲ್ಲ. ಗೋಚರ ಬೆಳಕಿಗೂ ಉಳಿದವಕ್ಕೂ ಅದು ಒಂದೇ ಅಗಲದ ಜಾಗ ಕೊಡುತ್ತದೆ.

‘ಇದೆಲ್ಲ ಸರಿ, ಆದರೆ ಪರೀಕ್ಷೆ ಮುಖ್ಯ, ಮಗು ವಿಜ್ಞಾನಿಯಾಗಬೇಕಿಲ್ಲ’ ಎನ್ನುವ ಪೋಷಕರೇ ಹೆಚ್ಚು. ವಿಜ್ಞಾನಿಯಾಗದವರಿಗಾಗಿಯೇ ನಾನು ಈ ಜಗಳಕ್ಕಿಳಿದಿರುವುದು. 2021ರಲ್ಲಿ, ಕೋವಿಡ್‌ನ ಎರಡನೆಯ ಅಲೆಯ ಸಾವುಗಳ ನಡುವೆ, 5ಜಿ ಪ್ರಯೋಗವೇ ರೋಗಕ್ಕೆ ಕಾರಣ ಎಂಬ ವದಂತಿ ಊರೂರು ಹಬ್ಬಿತು. ಎರಡಕ್ಕೂ ಸಂಬಂಧವಿಲ್ಲವೆಂದು ದೂರಸಂಪರ್ಕ ಇಲಾಖೆಯೇ ಪ್ರಕಟಣೆ ಕೊಡಬೇಕಾಯಿತು. ಅದನ್ನು ಮುಂದೂಡಿದವರಲ್ಲಿ ಕೋಷ್ಟಕ ಬಾಯಿಪಾಠ ಮಾಡಿ ಅಂಕ ಗಳಿಸಿದವರು ಇರಲಿಲ್ಲವೆ? 5ಜಿಗಾಗಿ ಮೀಸಲಾದ ಮೇಲಿನ ಪಟ್ಟಿಗಳಲ್ಲಿ ಒಂದು 26 ಗಿಗಾಹರ್ಟ್ಸ್. ಬೋಸರು ಅದಕ್ಕಿಂತಲೂ ಹೆಚ್ಚಿನ ಆವೃತ್ತಿಯ ಅಲೆಗಳನ್ನು 19ನೆಯ ಶತಮಾನದಲ್ಲೇ ಕಲ್ಕತ್ತೆಯಲ್ಲಿ ಹುಟ್ಟಿಸಿದ್ದರು. ಬೆಳಕು ಶಕ್ತಿಯನ್ನು ಪೊಟ್ಟಣಗಳಲ್ಲಿ ಕೊಡುತ್ತದೆ, ಆವೃತ್ತಿ ಹೆಚ್ಚಿದಂತೆ ಪೊಟ್ಟಣ ದೊಡ್ಡದಾಗುತ್ತದೆ. ಮೊಬೈಲ್ ಅಲೆಯ ಪೊಟ್ಟಣಕ್ಕಿಂತ ಹಸಿರು ಬೆಳಕಿನ ಪೊಟ್ಟಣ ಸುಮಾರು ಮೂರು ಲಕ್ಷ ಪಟ್ಟು ದೊಡ್ಡದು. ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಜೀವಕೋಶವನ್ನು ಕೆಡಿಸುವ ಸಾಮರ್ಥ್ಯ ಅತಿನೇರಳೆಯ ಮೇಲ್ತುದಿಯಿಂದ ಮುಂದೆ ಬರುತ್ತದೆ. ಮೊಬೈಲ್ ಅಲೆ ಮಾಡಬಲ್ಲ, ನಮಗೆ ಖಚಿತವಾಗಿ ತಿಳಿದಿರುವ ಕೆಲಸ ಬಿಸಿ ಮಾಡುವುದು. ಹಾಗೆಂದು ಪ್ರಶ್ನೆಯೇ ಇಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರಲ್ಲಿ ಈ ಅಲೆಗಳನ್ನು ‘ಬಹುಶಃ ಇರಬಹುದು’ ಎಂಬ ಎಚ್ಚರಿಕೆಯ ವರ್ಗಕ್ಕೆ ಸೇರಿಸಿತು. ನಮ್ಮ ಸರಕಾರ 2012ರಲ್ಲಿ ಗೋಪುರಗಳ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಿತು. ಆವೃತ್ತಿ ಬೇರೆ, ತೀವ್ರತೆ ಬೇರೆ ಎಂದು ಬಲ್ಲವನು ಮಾತ್ರ ಈ ಚರ್ಚೆಯಲ್ಲಿ ಉಪಯುಕ್ತವಾದ ಪ್ರಶ್ನೆ ಕೇಳಬಲ್ಲ. ಉಳಿದವರಿಗೆ ಭಯ ಅಥವಾ ಉಡಾಫೆ, ಎರಡೇ ದಾರಿ.

ಉಡಾಫೆಯ ಬೆಲೆಯನ್ನು ದಿಲ್ಲಿಯ ಕನ್ನಡಿಗರು ಮರೆತಿರಲಾರರು. 2010ರ ಏಪ್ರಿಲ್‌ನಲ್ಲಿ ಮಾಯಾಪುರಿಯ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್-60 ತುಂಬಿದ ಉಪಕರಣವೊಂದನ್ನು ಬಿಚ್ಚಲಾಯಿತು. ದಿಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ವರ್ಷಾನುಗಟ್ಟಲೆ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ಕಿರಣದ ಯಂತ್ರವದು. ಗುಜರಿಯೆಂದು ಹರಾಜಾಗಿ ಅಲ್ಲಿಗೆ ಬಂದಿತ್ತು. ಕಾಣದ, ವಾಸನೆಯಿಲ್ಲದ ಆ ಬೆಳಕಿಗೆ ಸಿಕ್ಕಿ ಒಬ್ಬ ಸತ್ತ, ಇನ್ನೂ ಹಲವರು ನರಳಿದರು. ಬಿಚ್ಚಿದವರಿಗೆ ಗೊತ್ತಿರಲಿಲ್ಲವೆಂದರೆ ಅವರನ್ನು ದೂರುವಂತಿಲ್ಲ. ಹರಾಜಿಗೆ ಇಟ್ಟ ಸಂಸ್ಥೆ ವಿದ್ಯೆಯ ಮನೆ. ಅಲ್ಲಿಯ ಯಾರನ್ನು ಕೇಳಿದ್ದರೂ ‘ಗಾಮಾ ಕಿರಣ: ಉಪಯೋಗ, ಕ್ಯಾನ್ಸರ್ ಚಿಕಿತ್ಸೆ’ ಎಂದು ಸರಿಯುತ್ತರ ಕೊಡುತ್ತಿದ್ದರು, ಎರಡು ಅಂಕವೂ ಸಿಗುತ್ತಿತ್ತು. ಹಗ್ಗವನ್ನು ಹಾವೆಂದು ಬೆದರಿ ಓಡುವ ನಾವೇ ಹಾವನ್ನು ಹಗ್ಗವೆಂದು ಗುಜರಿಗೆ ಹಾಕುತ್ತೇವೆ. ಏಳು ಖಾನೆಗಳ ಕೋಷ್ಟಕ ಇವೆರಡನ್ನೂ ತಪ್ಪಿಸಲಾರದು, ಏಕೆಂದರೆ ಅದರಲ್ಲಿ ಹೆಸರಿದೆ, ಅಳತೆಯಿಲ್ಲ.

ಕೊನೆಯ ಜಗಳ ನಮ್ಮೊಳಗಿನದು. ಹೊರನಾಡಿನಲ್ಲಿ ನಾವು ಕನ್ನಡ ಉಳಿಸುತ್ತೇವೆಂದು ಹೇಳಿಕೊಳ್ಳುತ್ತೇವೆ. ಹಾಡು, ನಾಟಕ, ಯಕ್ಷಗಾನ, ರಾಜ್ಯೋತ್ಸವದ ಭಾಷಣ, ವಾರಕ್ಕೊಂದು ಅಕ್ಷರಮಾಲೆಯ ತರಗತಿ. ಎಲ್ಲವೂ ಬೇಕಾದವೇ. ಆದರೆ ಬುದ್ಧಿಯ ಕೆಲಸವೆಲ್ಲ ಇಂಗ್ಲಿಷಿಗೆ, ಭಾವದ ಕೆಲಸ ಮಾತ್ರ ಕನ್ನಡಕ್ಕೆ ಎಂದು ಪಾಲು ಮಾಡಿಕೊಟ್ಟವರು ನಾವೇ. ಇದೂ ಒಂದು ಗೋಡೆ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು. ಆ ಪರಂಪರೆಯ ವಾರಸುದಾರರು ‘ವೇವ್‌ಲೆಂತ್‌ಗೆ ಕನ್ನಡದಲ್ಲಿ ಏನೆನ್ನುತ್ತಾರೋ’ ಎಂದು ನಗುತ್ತೇವೆ.

ಏನೆನ್ನುತ್ತಾರೆಂದು ಸ್ವಲ್ಪ ನೋಡೋಣ. ತರಂಗಾಂತರ: ಒಂದು ತರಂಗಕ್ಕೂ ಮತ್ತೊಂದಕ್ಕೂ ಇರುವ ಅಂತರ, ವ್ಯಾಖ್ಯೆ ಪದದಲ್ಲೇ ಇದೆ. ಆವೃತ್ತಿ: ಮತ್ತೆ ಮತ್ತೆ ಬರುವುದು, ಪುಸ್ತಕ ಮರಳಿ ಅಚ್ಚಾದರೂ ನಾವು ಆಡುವ ಮಾತು ಅದೇ. ಅವಕೆಂಪು ಕೆಂಪಿಗಿಂತ ಕೆಳಗೆ, ಅತಿನೇರಳೆ ನೇರಳೆಯನ್ನು ಮೀರಿ, ಹೆಸರಿನಲ್ಲೇ ವಿಳಾಸವಿದೆ. ಈ ನಾಲ್ಕು ಪದಗಳನ್ನು ಅರಿತ ಮಗು ಕೋಷ್ಟಕದ ನಡುಭಾಗವನ್ನು ತಾನೇ ಬರೆದೀತು. ಎಚ್ಚರಿಕೆಯೂ ಬೇಕು: ‘ವಿಕಿರಣ’ ಎಂಬ ಪದವನ್ನು ನಮ್ಮ ಪತ್ರಿಕೆಗಳು ಅಣುಬಾಂಬಿಗೂ ಮೊಬೈಲ್ ಗೋಪುರಕ್ಕೂ ಒಂದೇ ಭಯದ ದನಿಯಲ್ಲಿ ಬಳಸುತ್ತವೆ. ಬೆಳಗಿನ ಎಳೆಬಿಸಿಲೂ ವಿಕಿರಣವೇ, ಒಲೆಯ ಕೆಂಡದ ಕಾವೂ ವಿಕಿರಣವೇ ಎಂದು ಹೇಳಿಕೊಡುವುದು ಭಾಷಾಸೇವೆಯ ಭಾಗವಾಗಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ತರಂಗದ ಎರಡು ಅಧ್ಯಾಯಗಳನ್ನು ಉಪಾಧ್ಯಾಯರು ಒಂದಾದಮೇಲೊಂದು ಜೋಡಿಸಿ ಹೇಳಲಿ. ಪಠ್ಯಕ್ರಮ ಅದನ್ನು ತಡೆಯುವುದಿಲ್ಲ. ಪ್ರಶ್ನೆಪತ್ರಿಕೆ ಉಪಯೋಗ ಕೇಳುವ ಬದಲು ಕಾರಣ ಕೇಳಲಿ: ಒಲೆಯ ಬಾಗಿಲಿನಲ್ಲಿ ಬೆಳಕು ಹೊರಬರುವಾಗ ಅಡುಗೆಯ ಅಲೆ ಏಕೆ ಬರುವುದಿಲ್ಲ? ನಮ್ಮ ಸಂಘಗಳು ವರ್ಷದಲ್ಲಿ ಒಂದು ಭಾನುವಾರವನ್ನು ಇಂಥ ಪ್ರಯೋಗಗಳಿಗೆ, ಕನ್ನಡದಲ್ಲಿ, ಮೀಸಲಿಡಲಿ. ಮುಂದಿನ ಫೆಬ್ರವರಿಯಲ್ಲಿ ಆ ಚಿತ್ರಪಟದ ಮುಂದೆ ನಿಂತಾಗ ಚಪ್ಪಾಳೆಗೆ ಮುನ್ನ ನೀವು ಮಗುವನ್ನು ಒಂದೇ ಪ್ರಶ್ನೆ ಕೇಳಿ: ಈ ಖಾನೆಗೂ ಪಕ್ಕದ ಖಾನೆಗೂ ನಡುವೆ ಎಳೆದಿರುವ ಗೆರೆ ಪ್ರಕೃತಿಯಲ್ಲಿ ಎಲ್ಲಿದೆ? ಮಗು ತಡವರಿಸಿದರೆ ಗದರಬೇಡಿ. ಉತ್ತರ ಕೊಡಬೇಕಾದವರು ಅದಕ್ಕೆ ಗೆರೆ ಎಳೆಯಲು ಕಲಿಸಿದ ನಾವು.